ಐರಣಿ ಸೀಮೆಯ ಹಸಿರಿನ ಲೆಕ್ಕ (ಭಾಗ 3)

ಐರಣಿ ಕೋಟೆ, ಪಕ್ಕದಲ್ಲಿ ತುಂಗಭದ್ರಾ. ಇಂಥ ಫೋಟೊ ನಿಮ್ಮ ಫೋನಲ್ಲೂ ಇರಬೇಕು. ಇವತ್ತು ಇದೇ ರಾಣೆಬೆನ್ನೂರು ಸೀಮೆಯನ್ನ ಸುಮಾರು 700 ಕಿ.ಮೀ. ಮೇಲಿಂದ ನೋಡೋಣ ಬರ್ರಿ.

1972ರ ಜುಲೈನಲ್ಲಿ ಅಮೆರಿಕ ಮೊದಲ ಲ್ಯಾಂಡ್‌ಸ್ಯಾಟ್ ಹಾರಿಸಿತು. ನಮ್ಮ ಐಆರ್‌ಎಸ್-1ಎ ಹೋಗಿದ್ದು 1988ರ ಮಾರ್ಚ್ 17ಕ್ಕೆ, ಬೈಕನೂರಿನಿಂದ. 2008ರಿಂದ ಲ್ಯಾಂಡ್‌ಸ್ಯಾಟ್ ಚಿತ್ರಗಳು ಪುಕ್ಕಟೆ ಸಿಗುತ್ತವೆ. ಅಂದರೆ ನಮ್ಮಪ್ಪ ಅವ್ವ ಸಣ್ಣವರಿದ್ದಾಗ ಈ ನೆಲ ಹೆಂಗಿತ್ತು ಅಂತ ನೀವೇ ತೆಗೆದು ನೋಡಬಹುದು.

ಹಸಿರನ್ನ ಅಳೆಯೋದು ಹೆಂಗ? ಎಲೆ ಕೆಂಪು ಬೆಳಕನ್ನ ಹೀರಿಕೊಳ್ಳುತ್ತದೆ, ಕಣ್ಣಿಗೆ ಕಾಣದ ಇನ್‌ಫ್ರಾರೆಡ್ ಬೆಳಕನ್ನ ವಾಪಸ್ ಕಳಿಸುತ್ತದೆ. ಎರಡರ ವ್ಯತ್ಯಾಸವನ್ನ ಅವುಗಳ ಮೊತ್ತದಿಂದ ಭಾಗಿಸಿದರೆ ಬರುವ ಸಂಖ್ಯೆಯೇ ಎನ್‌ಡಿವಿಐ. 1ರ ಹತ್ತಿರ ಹೋದಷ್ಟೂ ದಟ್ಟ ಹಸಿರು. ಇಷ್ಟೇ ನೋಡ್ರಿ.

ಆದರೆ ಇಲ್ಲೊಂದು ತೊಡಕು ಐತಿ. ಲ್ಯಾಂಡ್‌ಸ್ಯಾಟ್ ಕಣ್ಣು ಬಿಟ್ಟ 1972 ದಖ್ಖನ್ನಿಗೆ ಭೀಕರ ಬರಗಾಲದ ವರ್ಷ. ಆ ಚಿತ್ರದ ಪಕ್ಕ ಯಾವ ವರ್ಷದ್ದನ್ನ ಇಟ್ಟರೂ ನೆಲ ಸುಧಾರಿಸಿದ ಹಾಗೇ ಕಾಣುತ್ತದೆ. ತಿಂಗಳೂ ಒಂದೇ ಇರಬೇಕು. ಗೋವಿನಜೋಳ ಎದೆಯೆತ್ತರ ನಿಂತ ಸೆಪ್ಟೆಂಬರನ್ನ ಬೋಳು ಏಪ್ರಿಲ್‌ಗೆ ಹೋಲಿಸಿದರೆ ಏನೂ ತಿಳಿಯೋದಿಲ್ಲ.

ಇನ್ನೊಂದು ತೊಡಕು ಇದಕ್ಕಿಂತ ದೊಡ್ಡದು. ಇದೇ ತಾಲ್ಲೂಕಿನ ಕೃಷ್ಣಮೃಗ ಅಭಯಾರಣ್ಯ ಘೋಷಣೆಯಾಗಿದ್ದು 1974ರಲ್ಲಿ, ವಿಸ್ತೀರ್ಣ 119 ಚದರ ಕಿ.ಮೀ. ಮೂಲತಃ ಇದು ಹುಲ್ಲು, ಕುರುಚಲು ಗಿಡಗಳ ಬಯಲು. ಅದರ ದೊಡ್ಡ ಭಾಗದಲ್ಲಿ ನೀಲಗಿರಿ ನೆಟ್ಟರು. ಹುಲ್ಲು ಮಳೆಗಾಲದಲ್ಲಿ ಚಿಗುರಿ ಬೇಸಿಗೆಗೆ ಒಣಗುತ್ತದೆ, ನೀಲಗಿರಿ ವರ್ಷವಿಡೀ ಹಸಿರು. ಬರೀ ಸಂಖ್ಯೆ ನೋಡುವವರಿಗೆ ಇದು ಪ್ರಗತಿ!

ಇಲ್ಲಿದ್ದ ಎರೆಭೂತಕ್ಕೆ ಮಾತ್ರ ಅಲ್ಲ. ಮೀಟರ್ ಎತ್ತರದ ಈ ಭಾರಿ ಹಕ್ಕಿ ಬರಿನೆಲದ ಮೇಲೆ ಸಾಮಾನ್ಯವಾಗಿ ಒಂದೇ ಮೊಟ್ಟೆ ಇಡುತ್ತದೆ. ಅದಕ್ಕೆ ದೂರದವರೆಗೆ ಕಣ್ಣು ಹಾಯುವ ಬಯಲು ಬೇಕು. ಈಗ ಅದು ರಾಣೆಬೆನ್ನೂರಿನಲ್ಲಿ ಇಲ್ಲ. ರಾಜ್ಯದಲ್ಲಿ ಉಳಿದಿರುವ ಬೆರಳೆಣಿಕೆಯಷ್ಟು ಇರೋದು ಬಳ್ಳಾರಿಯ ಸಿರುಗುಪ್ಪ ಕಡೆ. ಕೃಷ್ಣಮೃಗ ಹೆಂಗೋ ಬದುಕಿತು, ನಮ್ಮ ಹೊಲಗಳಿಗೂ ನುಗ್ಗಿತು (ರೈತರನ್ನ ಕೇಳ್ರಿ, ಕತೆ ಹೇಳ್ತಾರೆ).

ತಪ್ಪು ಉಪಗ್ರಹದ್ದು ಅನ್ನೋಕಾಗಲ್ಲ, ಅದು ಬೆಳಕನ್ನಷ್ಟೇ ಅಳೀತು. ಹೆಸರಿಟ್ಟವರು ನಾವು. 2000ದಲ್ಲಿ ಉಪಗ್ರಹ ಚಿತ್ರಗಳಿಂದಲೇ ತಯಾರಾದ ಭಾರತದ ಪಾಳುಭೂಮಿ ಅಟ್ಲಾಸ್‌ನಲ್ಲಿ ಕುರುಚಲು ನೆಲವೂ ಒಂದು ಬಗೆಯ ಪಾಳು. ಕುರಿ ಮೇಯಿಸುವವರು ಅದನ್ನ ಎಂದಾದರೂ ಪಾಳು ಅಂದಾರೇನು?

ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕಿ ಅಂದರೆ ನೆಲದಲ್ಲಿ 30 ಮೀಟರ್. ಅದರಲ್ಲಿ ಹಕ್ಕಿ ಕಾಣಲ್ಲ. ನಿಮ್ಮ ಮನೆಯಲ್ಲಿ ಎರೆಭೂತ ಕಂಡ ಅಜ್ಜ, ಅಮ್ಮ ಯಾರಾದರೂ ಇದ್ದರೆ ಯಾವ ಊರ ಬಯಲು, ಸುಮಾರು ಯಾವ ವರ್ಷ ಅಂತ ಕೇಳಿ ಕಮೆಂಟ್ ಹಾಕ್ರಿ. ಆ ವರ್ಷದ ಚಿತ್ರ ಹುಡುಕಿ ಭಾಗ 4ರಲ್ಲಿ ಹಾಕ್ತೀನಿ.