ಒಂದು ಚೌಕಟ್ಟು, ಹಲವು ಗಾಜು: ಗಾಗಲ್ಲಿನ ಕಥೆ



ದಾನೋಳಿಯಾಗಲಿ, ಶಿರೋಳ ತಾಲೂಕಿನ ಬೇರೆ ಯಾವ ಊರಾಗಲಿ, ಒಂದೇ ವಸ್ತುವಿಗೆ ಎರಡು ಹೆಸರು ಇರುವುದು ನಮಗೆ ಹೊಸದಲ್ಲ. ಮನೆಯಲ್ಲಿ ಕನ್ನಡಕ, ಪೇಟೆಯಲ್ಲಿ ಚಷ್ಮಾ. ಈ ಎರಡು ಶಬ್ದಗಳ ಬೇರು ನೋಡಿರಿ. ಕನ್ನಡಕದ ಹಿಂದೆ ಕನ್ನಡಿ ಇದೆ, ಕನ್ನಡಿಯ ಹಿಂದೆ ಕಣ್ಣು ಇದೆ. ಚಷ್ಮಾ ಫಾರಸಿಯಿಂದ ಮರಾಠಿಗೆ ಬಂತು. ಫಾರಸಿಯ ‘ಚಶ್ಮ್’ ಎಂದರೂ ಕಣ್ಣೇ. ದಾರಿ ಬೇರೆಯಾದರೂ ಎರಡು ಭಾಷೆಗಳೂ ಬಂದು ಸೇರಿದ್ದು ಒಂದೇ ಕಡೆಗೆ. ಬಿಸಿಲಿಗೆ ಹಾಕುವ ಬಣ್ಣದ ಗಾಜಿಗೆ ಮಾತ್ರ ಕನ್ನಡದವರೂ ಮರಾಠಿಯವರೂ ‘ಗಾಗಲ್’ ಎಂದೇ ಅನ್ನುತ್ತೇವೆ.

ಇಂದು ಆ ಗಾಗಲ್ಲಿನ ಕಥೆ ಹೇಳುತ್ತೇನೆ. ಅದರಲ್ಲೂ ಚೌಕಟ್ಟು ಒಂದೇ ಇದ್ದು, ಬೆಳಕು ಬದಲಾದಂತೆ ಗಾಜನ್ನು ಕಳಚಿ ಬೇರೆ ಗಾಜು ಕೂಡಿಸುವಂಥ ಗಾಗಲ್ಲಿನದು. ಬೆಟ್ಟ ಹತ್ತುವವರು, ಸೈಕಲ್ ಪಂದ್ಯ ಆಡುವವರು ಇದನ್ನು ಬಳಸುತ್ತಾರೆ. ಇದು ಉಳ್ಳವರ ಶೋಕಿ ಎಂದು ನಮ್ಮಲ್ಲಿ ಅನೇಕರ ಭಾವನೆ. ಆದರೆ ಇದರ ಹಿಂದೆ ಬೇಟೆಗಾರರು, ಕುಲುಮೆಯ ಕೂಲಿಗಳು, ಕಣ್ಣು ಕಳೆದುಕೊಳ್ಳುವ ಅಂಚಿಗೆ ಹೋಗಿ ಬಂದ ಪರ್ವತಾರೋಹಿಗಳು ಇದ್ದಾರೆ.

ಮೊದಲು ಓದುವ ಕನ್ನಡಕದ ಮಾತು. ಅದು ಇಟಲಿಯಲ್ಲಿ ಸುಮಾರು 1286ರ ಹೊತ್ತಿಗೆ ಹುಟ್ಟಿತು. ನಮ್ಮ ನಾಡಿಗೆ ಅದು ಬಂದ ಹಳೆಯ ಸುಳಿವೊಂದು ವಿಜಯನಗರದಲ್ಲಿ ಸಿಗುತ್ತದೆ. ಸೋಮನಾಥ ಕವಿಯ ‘ವ್ಯಾಸಯೋಗಿಚರಿತ’ದಲ್ಲಿ ವ್ಯಾಸರಾಯರು ಕನ್ನಡಕದ ಸಹಾಯದಿಂದ ಗ್ರಂಥ ಓದುವ ಉಲ್ಲೇಖವಿದೆ. 1539ರಲ್ಲಿ ತೀರಿಕೊಂಡ ಆ ಯತಿಗಳು ಪುರಂದರದಾಸರ ಗುರುಗಳು. ಈ ಉಲ್ಲೇಖದ ಮಹತ್ವವನ್ನು ಎತ್ತಿ ತೋರಿಸಿದವರು ಪುಣೆಯ ಭಾಂಡಾರಕರ ಸಂಸ್ಥೆಯ ವಿದ್ವಾಂಸ ಪಿ. ಕೆ. ಗೋಡೆ. ಕನ್ನಡ ನಾಡಿನ ಯತಿಯ ಕನ್ನಡಕವನ್ನು ಮರಾಠಿ ನಾಡಿನ ಪಂಡಿತರು ಕಂಡುಹಿಡಿದರು. ಗಡಿಯಲ್ಲಿರುವ ನಮಗೆ ಇದು ಸಂತೋಷದ ಮಾತೇ.

ಬಿಸಿಲಿನಿಂದ ಕಣ್ಣು ಕಾಯುವ ಉಪಾಯ ಇದಕ್ಕಿಂತಲೂ ಹಳೆಯದು. ಅದಕ್ಕೆ ಗಾಜೇ ಬೇಕಾಗಿರಲಿಲ್ಲ. ಉತ್ತರ ಧ್ರುವದ ಕಡೆಯ ಇನ್ಯೂಟ್ ಜನ ಎಲುಬು, ದಂತ, ಕಟ್ಟಿಗೆಯ ಪಟ್ಟಿಯಲ್ಲಿ ಸಣ್ಣ ಸೀಳು ಕೊರೆದು ಕಣ್ಣಿಗೆ ಕಟ್ಟಿಕೊಂಡು ಹಿಮದ ಮೇಲೆ ಬೇಟೆಗೆ ಹೋಗುತ್ತಿದ್ದರು. ಹೊಸ ಹಿಮ ತನ್ನ ಮೇಲೆ ಬಿದ್ದ ಅತಿನೇರಳೆ ಕಿರಣದ ಶೇಕಡಾ 80ರಷ್ಟನ್ನು ತಿರುಗಿ ಮೇಲಕ್ಕೆ ಎಸೆಯಬಲ್ಲದು. ಆ ಬೆಳಕಿಗೆ ಕಣ್ಣಿನ ಮೇಲ್ಪದರ ಸುಟ್ಟಂತಾಗುತ್ತದೆ. ಮನುಷ್ಯ ಒಂದೆರಡು ದಿನ ಕುರುಡನಾಗುತ್ತಾನೆ. ಇದಕ್ಕೆ ಹಿಮಗುರುಡು ಎನ್ನುತ್ತಾರೆ.

ಬಣ್ಣದ ಗಾಜಿನ ಸಂಗತಿ ಮುಂದೆ ಬಂತು. 1752ರಲ್ಲಿ ಲಂಡನ್ನಿನ ಜೇಮ್ಸ್ ಆಯ್ಸ್‌ಕಫ್ ಎಂಬ ಕನ್ನಡಕ ತಯಾರಕ, ಬಿಳಿ ಗಾಜಿನಿಂದ ಕಣ್ಣು ಕುಕ್ಕುತ್ತದೆ, ಹಸಿರು ಅಥವಾ ನೀಲಿ ಒಳ್ಳೆಯದು ಎಂದು ಹೇಳಿದ. ಆದರೆ ಬಣ್ಣ ಹಾಕಿದ ಮಾತ್ರಕ್ಕೆ ಕಣ್ಣು ಉಳಿಯುವುದಿಲ್ಲ ಎಂಬುದು ತಿಳಿಯಲು ಇನ್ನೂ ನೂರೈವತ್ತು ವರ್ಷ ಹಿಡಿಯಿತು. ಇಂಗ್ಲೆಂಡಿನ ಗಾಜಿನ ಕುಲುಮೆಗಳಲ್ಲಿ ದುಡಿಯುವವರಿಗೆ ಬೇಗನೆ ಮೋತಿಬಿಂದು ಬರುತ್ತಿತ್ತು. ಕಾರಣ ಹುಡುಕುವ ಕೆಲಸದಲ್ಲಿ ವಿಜ್ಞಾನಿ ವಿಲಿಯಂ ಕ್ರೂಕ್ಸ್ ತೊಡಗಿದರು. ಮುನ್ನೂರಕ್ಕೂ ಹೆಚ್ಚು ಬಗೆಯ ಗಾಜು ಮಾಡಿ ಪರೀಕ್ಷಿಸಿ, 1913ರ ಹೊತ್ತಿಗೆ ಕಣ್ಣಿಗೆ ಕಾಣದ ಶಾಖವನ್ನೂ ಅತಿನೇರಳೆ ಕಿರಣವನ್ನೂ ತಡೆಯುವ ಗಾಜುಗಳನ್ನು ಅವರು ರೂಪಿಸಿದರು. ಬೆಳಕು ತಗ್ಗಿಸುವುದು ಬೇರೆ, ಅತಿನೇರಳೆ ಕಿರಣ ತಡೆಯುವುದು ಬೇರೆ. ಈ ಮಾತನ್ನು ನೆನಪಿಡಿರಿ, ಮುಂದೆ ಬೇಕಾಗುತ್ತದೆ.

ಈಗ ಎವರೆಸ್ಟಿಗೆ ಹೋಗೋಣ. ಅದು 1924ರ ಜೂನ್ 4. ಬ್ರಿಟಿಷ್ ತಂಡದ ನಾಯಕ ಎಡ್ವರ್ಡ್ ನಾರ್ಟನ್, ಜೊತೆಗೆ ನೆಯ್ಯೂರಿನ ಮಿಷನ್ ಆಸ್ಪತ್ರೆಯ ವೈದ್ಯ ಹೋವರ್ಡ್ ಸಾಮರ್ವೆಲ್, ಕೃತಕ ಆಮ್ಲಜನಕವಿಲ್ಲದೆ ಹತ್ತುತ್ತಿದ್ದರು. ಕಾಲ ಕೆಳಗೆ ಹಿಮ ಕಡಿಮೆ, ಕಪ್ಪು ಬಂಡೆ ಹೆಚ್ಚು. ದಪ್ಪ ಗಾಗಲ್ ಹಾಕಿಕೊಂಡರೆ ಹೆಜ್ಜೆ ಎಲ್ಲಿಡಬೇಕು ಎಂಬುದು ನಾರ್ಟನ್ನರಿಗೆ ಸರಿಯಾಗಿ ಕಾಣದು. ಬಂಡೆಯ ಮೇಲೆ ಗಾಗಲ್ ಏಕೆ ಎಂದು ತೆಗೆದುಬಿಟ್ಟರು. ಒಬ್ಬರೇ ಸುಮಾರು 8,570 ಮೀಟರ್ ಎತ್ತರದವರೆಗೆ ಹೋಗಿ ಹಿಂದಿರುಗಿದರು. ಆ ರಾತ್ರಿ ಡೇರೆಯಲ್ಲಿ ಕಣ್ಣು ಉರಿಯತೊಡಗಿತು. ಮುಂದೆ ಸುಮಾರು 60 ತಾಸು ಏನೂ ಕಾಣಲಿಲ್ಲ. ನಾಲ್ಕೇ ದಿನಕ್ಕೆ, ಜೂನ್ 8ರಂದು, ಅದೇ ತಂಡದ ಮ್ಯಾಲರಿ ಮತ್ತು ಇರ್ವಿನ್ ಶಿಖರದ ಹಾದಿಯಲ್ಲಿ ಕಣ್ಮರೆಯಾದರು. 75 ವರ್ಷಗಳ ನಂತರ, 1999ರ ಮೇ 1ರಂದು, ಮ್ಯಾಲರಿಯ ದೇಹ ಸಿಕ್ಕಿತು. ಗಾಗಲ್ ಜೇಬಿನಲ್ಲಿತ್ತು. ನಾರ್ಟನ್ನರ ಗತಿಯನ್ನು ಕಣ್ಣಾರೆ ಕಂಡಿದ್ದವನು ಹಗಲಿನಲ್ಲಿ ಗಾಗಲ್ ತೆಗೆಯುತ್ತಿರಲಿಲ್ಲ, ಆದ್ದರಿಂದ ಅವನು ಕತ್ತಲಾದ ಮೇಲೆ ಇಳಿಯುತ್ತಿದ್ದಿರಬೇಕು ಎಂದು ಹಲವರು ಊಹಿಸುತ್ತಾರೆ.

ನಾರ್ಟನ್ನರ ತೊಡಕು ಏನೆಂದು ಗಮನಿಸಿದಿರಾ? ಗಾಜು ಕಪ್ಪಾದರೆ ಕಾಲ ಕೆಳಗಿನ ನೆಲ ಕಾಣದು, ತೆಗೆದರೆ ಕಣ್ಣು ಉಳಿಯದು. ಎಲ್ಲ ಬೆಳಕಿಗೂ ಒಂದೇ ಗಾಜು ಒಗ್ಗದು. ಗಾಜು ಬದಲಾಯಿಸುವ ವಿಚಾರಕ್ಕೆ ಮೂಲ ಇದೇ ತೊಡಕು.

ಎರಡನೆಯ ಮಹಾಯುದ್ಧದಲ್ಲಿ ಇದಕ್ಕೊಂದು ದಾರಿ ಸಿಕ್ಕಿತು. ಪ್ರತಿಫಲಿಸಿದ ಝಳವನ್ನು ತಡೆಯುವ ಪೋಲರಾಯ್ಡ್ ಹಾಳೆಯನ್ನು ಅಮೆರಿಕದ ಎಡ್ವಿನ್ ಲ್ಯಾಂಡ್ 1929ರ ಹೊತ್ತಿಗೆ ಮಾಡಿದ್ದರು. ಅವರ ಕಂಪನಿ ವಿಮಾನಚಾಲಕರಿಗಾಗಿ ತಯಾರಿಸಿದ ಬಿ-8 ಗಾಗಲ್ಲಿನ ಪೆಟ್ಟಿಗೆಯಲ್ಲಿ ಬೇರೆ ಬೇರೆ ಬಣ್ಣದ ಬದಲಿ ಲೆನ್ಸುಗಳಿರುತ್ತಿದ್ದವು. ಬೆಳಕಿಗೆ ತಕ್ಕದ್ದನ್ನು ಹಾಕಿಕೊಳ್ಳುವುದು ಚಾಲಕನ ಕೆಲಸ. 1953ರಲ್ಲಿ ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ ಬಂತು. ಗಾಜಿನಂತೆ ಚೂರಾಗದ, ಹಗುರವಾದ ಈ ವಸ್ತುವಿನಿಂದಾಗಿ ಲೆನ್ಸನ್ನು ಬಾಗಿಸಿ ಚೌಕಟ್ಟಿಗೆ ಸಿಕ್ಕಿಸುವುದು, ಬಿಚ್ಚುವುದು ಸುಲಭವಾಯಿತು. 1980ರ ದಶಕದಲ್ಲಿ ಸೈಕಲ್ ಪಂದ್ಯದವರು ಇಂಥ ಅಗಲ ಕನ್ನಡಕ ಹಾಕತೊಡಗಿದರು. ಹಾಗೆ ಹಾಕುತ್ತಿದ್ದ ಅಮೆರಿಕದ ಗ್ರೆಗ್ ಲೆಮಾಂಡ್ 1986ರಲ್ಲಿ ಟೂರ್ ದ ಫ್ರಾನ್ಸ್ ಗೆದ್ದ ಮೇಲೆ ಅದು ಜಗತ್ತಿಗೆಲ್ಲ ಹಬ್ಬಿತು.

ನಮ್ಮ ಹಳ್ಳಿಗಳಿಗೆ ಗಾಗಲ್ ಬಂದ ದಾರಿ ಬೇರೆ. ಸಿನೆಮಾದ ನಾಯಕನ ಮುಖದ ಮೇಲೆ ನೋಡಿದ್ದು ಒಂದು, ಮೋತಿಬಿಂದು ಶಿಬಿರದಿಂದ ಬಂದ ಅಜ್ಜನ ಮುಖದ ಮೇಲೆ ನೋಡಿದ್ದು ಇನ್ನೊಂದು. ಅಂಧತ್ವ ನಿವಾರಣೆಯ ರಾಷ್ಟ್ರೀಯ ಕಾರ್ಯಕ್ರಮ 1976ರಲ್ಲಿ ಶುರುವಾದ ಮೇಲೆ ಕಪ್ಪು ಕನ್ನಡಕದ ಅಜ್ಜ, ಅಜ್ಜಿಯರು ಊರೂರಿನಲ್ಲಿ ಕಂಡರು. ಹೀಗಾಗಿ ಒಂದೋ ಶೋಕಿ, ಇಲ್ಲವೇ ಬೇನೆ. ನಡುವಿನ ಉಪಯೋಗ ನಮಗೆ ಹೊಳೆಯಲಿಲ್ಲ.

ಆ ನಡುವಿನ ಉಪಯೋಗ ನಮಗೆ ನಿಜವಾಗಿ ಬೇಕು. ಪ್ರತಿವರ್ಷ ಜುಲೈ ತಿಂಗಳಲ್ಲಿ ನಮ್ಮ ಹುಡುಗರು ಪನ್ಹಾಳದಿಂದ ಪಾವನಖಿಂಡಿಗೆ ನಡೆದು ಹೋಗುತ್ತಾರೆ. 1660ರ ಜುಲೈನಲ್ಲಿ ಶಿವಾಜಿ ಮಹಾರಾಜರು ಮುತ್ತಿಗೆ ತಪ್ಪಿಸಿಕೊಂಡು ವಿಶಾಳಗಡಕ್ಕೆ ಹೋದ ಹಾದಿ ಅದು. ಆಗ ಮಳೆ, ಮಂಜು, ಕಾಡಿನ ಕತ್ತಲೆ. ಅಲ್ಲಿ ಕಡುಗಪ್ಪು ಗಾಗಲ್ ಹಾಕಿದರೆ ಜಾರುವ ಕಲ್ಲು ಕಾಣುವುದಿಲ್ಲ. ಬಣ್ಣವಿಲ್ಲದ ಅಥವಾ ತೆಳು ಹಳದಿ ಲೆನ್ಸು ಸಾಕು, ಮುಳ್ಳು, ಟೊಂಗೆ ಕಣ್ಣಿಗೆ ತಾಗದು. ಅದೇ ಹಾದಿಯನ್ನು ಫೆಬ್ರುವರಿಯಲ್ಲಿ ನಡೆದರೆ ಬೂದು ಅಥವಾ ಕಂದು ಬಣ್ಣದ ಕಡು ಲೆನ್ಸು ಬೇಕು. ಹೊಳೆಯ ನೀರಿನ ಝಳಕ್ಕೆ ಪೋಲರಾಯ್ಡ್ ಲೆನ್ಸು ಒಳ್ಳೆಯದು. ಚೌಕಟ್ಟು ಒಂದೇ, ಚೀಲದಲ್ಲಿ ಎರಡು ಜೊತೆ ಲೆನ್ಸು ಹೆಚ್ಚಿಗೆ ಇದ್ದರಾಯಿತು.

ಕೊಳ್ಳುವಾಗ ಅಂಗಡಿಯವರನ್ನು ಒಂದು ಮಾತು ಕೇಳಿರಿ: ‘ಇದಕ್ಕೆ ಯುವಿ 400 ಇದೆಯೇ?’ ಕ್ರೂಕ್ಸರ ಪಾಠ ಇಲ್ಲಿ ಬೇಕು. ಬರೀ ಬಣ್ಣದ ಗಾಜಿನ ಹಿಂದೆ ಕಣ್ಣಿನ ಪಾಪೆ ಹಿಗ್ಗುತ್ತದೆ. ಅತಿನೇರಳೆ ಕಿರಣ ತಡೆಯದಿದ್ದರೆ ಅದು ಹೆಚ್ಚಾಗಿ ಒಳಗೆ ನುಗ್ಗುತ್ತದೆ. ಒಳ್ಳೆಯ ಗಾಗಲ್ಲಿಗೆ 0ಯಿಂದ 4ರವರೆಗೆ ದರ್ಜೆ ಇರುತ್ತದೆ. ನಮ್ಮ ಬಿಸಿಲಿಗೆ 3 ಸಾಕು. ಅದು ಶೇಕಡಾ 8ರಿಂದ 18ರಷ್ಟು ಬೆಳಕು ಬಿಡುತ್ತದೆ. 4 ಹಿಮಪರ್ವತಕ್ಕೆ, ಅದನ್ನು ಹಾಕಿ ಗಾಡಿ ಓಡಿಸಬಾರದು. ಯಾವ ಗಾಗಲ್ಲೂ ಸೂರ್ಯಗ್ರಹಣ ನೋಡಲಿಕ್ಕಲ್ಲ, ವೆಲ್ಡಿಂಗಿಗೂ ಅಲ್ಲ. ಅವಕ್ಕೆ ಬೇರೆ ಗಾಜು ಇದೆ.

ಕೊನೆಗೆ ಒಂದು ಮಾತು. ಬೆಟ್ಟಕ್ಕೆ ಹೋಗುವವರು ಕೆಲವರು, ಕಬ್ಬಿನ ಹೊಲಕ್ಕೆ ಹೋಗುವವರು ಎಲ್ಲರೂ. ಕಬ್ಬಿನ ರವದಿಯ ಅಲಗು ಕಣ್ಣಿಗೆ ಬಡಿದರೆ ಹುಣ್ಣಾಗಿ ದೃಷ್ಟಿಯೇ ಹೋಗಬಹುದು. ಮಗ ಪನ್ಹಾಳದಿಂದ ಬಂದ ಮೇಲೆ ಅದೇ ಚೌಕಟ್ಟಿಗೆ ಬಣ್ಣವಿಲ್ಲದ ಲೆನ್ಸು ಸಿಕ್ಕಿಸಿ ಕಬ್ಬು ಕಡಿಯಲು ಹೋಗುವ ತಂದೆಗೆ ಕೊಡಲಿ. ಕಣ್ಣಿಗೆ ಏನಾದರೂ ಬಡಿದರೆ ತಿಕ್ಕಬೇಡಿರಿ, ನಾಟಿ ಮದ್ದು ಹಾಕಬೇಡಿರಿ, ಅಂದೇ ಕಣ್ಣಿನ ಡಾಕ್ಟರರ ಕಡೆಗೆ ಹೋಗಿರಿ.