ಪಹಣಿಯೊಳಗಿನ ‘ಎಕರೆ’ ಎಲ್ಲಿಂದ ಬಂತು?

ಅಪ್ಪನ ಹೆಸರಿನಲ್ಲಿ ಎರಡು ಸರ್ವೆ ನಂಬರು. ಒಂದರ ಪಹಣಿಯಲ್ಲಿ 1-25, ಇನ್ನೊಂದರಲ್ಲಿ 1-30. ಒಟ್ಟು ಎಷ್ಟು? ಮೊಬೈಲಿನ ಕ್ಯಾಲ್ಕುಲೇಟರಿನಲ್ಲಿ 1.25ಕ್ಕೆ 1.30 ಕೂಡಿದರೆ 2.55 ಬರುತ್ತದೆ. ಎರಡೂವರೆ ಎಕರೆ ಚಿಲ್ಲರೆ ಎಂದುಕೊಂಡು ಅಣ್ಣತಮ್ಮಂದಿರು ಪಾಲಿಗೆ ಕೂತರೆ ಅಲ್ಲೇ ಲೆಕ್ಕ ತಪ್ಪಿತು. ನಿಜವಾದ ಒಟ್ಟು 3 ಎಕರೆ 15 ಗುಂಟೆ. 33 ಗುಂಟೆ ಕಾಗದದ ಮೇಲೇ ಮಾಯ!

ನಾವೂ ಹೀಗೆ ಕೂಡಿ ತಪ್ಪಿದವರೇ. ಎಕರೆಗೆ 40 ಗುಂಟೆ, 100 ಅಲ್ಲ. ಈ 40 ಎಲ್ಲಿಂದ ಬಂತು ಎಂದು ತಿಳಿಯಲು ‘ಎಕರೆ’ ಎಂಬ ಪದದ ಹಿಂದೆ ಹೋಗಬೇಕು.

ಎಕರೆ ಇಂಗ್ಲಿಷಿನಿಂದ ಬಂದ ಪದ. ಮೊದಲಿಗೆ ಅದರ ಅರ್ಥ ಬರೀ ಹೊಲ, ಬಯಲು. ಜರ್ಮನ್ ಭಾಷೆಯ ‘ಆಕರ್’ ಪದಕ್ಕೆ ಇವತ್ತಿಗೂ ಹೊಲವೆಂದೇ ಅರ್ಥ. ಸಂಸ್ಕೃತದ ‘ಅಜ್ರ’ ಕೂಡ ಇದೇ ಬಳಗದ್ದು. ಬರಬರುತ್ತಾ ಇಂಗ್ಲೆಂಡಿನ ರೈತರು, ನೊಗ ಹೂಡಿದ ಎತ್ತುಗಳು ಒಂದು ದಿನದಲ್ಲಿ ಉಳುವಷ್ಟು ನೆಲವನ್ನು ಎಕರೆ ಎಂದರು. ಅಂದರೆ ಅದು ಎತ್ತಿನ ದುಡಿಮೆಯ ಅಳತೆ.

ನೇಗಿಲನ್ನು ಪದೇ ಪದೇ ತಿರುಗಿಸುವುದು ಕಷ್ಟ. ಹಾಗಾಗಿ ಪಟ್ಟಿ ಉದ್ದವಾಗಿ, ಕಿರಿದಾಗಿ ಇರುತ್ತಿತ್ತು. ಉದ್ದ 660 ಅಡಿ, ಅಗಲ 66 ಅಡಿ. ಆ ಉದ್ದಕ್ಕೇ ‘ಫರ್ಲಾಂಗ್’ ಎಂದು ಹೆಸರು. ಉದ್ದನೆಯ ಉಳುಮೆ ಸಾಲು ಎಂದರ್ಥ. 660ನ್ನು 66ರಿಂದ ಗುಣಿಸಿದರೆ 43,560 ಚದರ ಅಡಿ. ನಮ್ಮ ಇವತ್ತಿನ ಎಕರೆ ಅದೇ. 1620ರಲ್ಲಿ ಎಡ್ಮಂಡ್ ಗಂಟರ್ ಎಂಬ ಗಣಿತಜ್ಞ 66 ಅಡಿಯ ಸರಪಳಿಯನ್ನು ರೂಪಿಸಿದ ಮೇಲೆ ಅಳೆಯುವುದು ಸುಲಭವಾಯಿತು.

ನಮ್ಮಲ್ಲಿ ಆಗ ಬೇರೆ ಲೆಕ್ಕಗಳಿದ್ದವು. ಹಳೆಯ ಶಾಸನಗಳಲ್ಲಿ ‘ಮತ್ತರು’ ಸಿಗುತ್ತದೆ. ಊರುಗಳಲ್ಲಿ ಖಂಡುಗದ ಗದ್ದೆ, ಕೊಳಗದ ಹೊಲ, ಕರಾವಳಿಯಲ್ಲಿ ಮುಡಿ ಗದ್ದೆ, ಉತ್ತರದ ಕಡೆ ಕೂರಿಗೆ ಹೊಲ. ಬಹುಪಾಲು ಬಿತ್ತನೆಯ ಲೆಕ್ಕ: ಎಷ್ಟು ಬೀಜ ಹಿಡಿಯುತ್ತದೋ ಅಷ್ಟು ನೆಲ. ಮಣ್ಣು ಬದಲಾದರೆ, ಊರು ಬದಲಾದರೆ ಅಳತೆಯೂ ಬದಲಾಗುತ್ತಿತ್ತು. ರೈತನಿಗೆ ಅದು ಸಾಕಿತ್ತು. ಎಲ್ಲೆಡೆ ಒಂದೇ ಲೆಕ್ಕದಲ್ಲಿ ಕಂದಾಯ ಕಟ್ಟಬೇಕಿದ್ದ ಬ್ರಿಟಿಷರಿಗೆ ಸಾಕಾಗಲಿಲ್ಲ.

1835ರಲ್ಲಿ ಪುಣೆ ಜಿಲ್ಲೆಯ ಇಂದಾಪುರದಲ್ಲಿ ಗೋಲ್ಡ್‌ಸ್ಮಿಡ್ ಮತ್ತು ವಿಂಗೇಟ್ ಎಂಬ ಅಧಿಕಾರಿಗಳು ಹೊಸ ಸರ್ವೆ ಶುರು ಮಾಡಿದರು. 1840ರ ದಶಕದಲ್ಲಿ ಅದು ಧಾರವಾಡದ ಕಡೆಗೆ ಬಂತು. 1863ರಲ್ಲಿ ಮೈಸೂರು ಸೀಮೆಯಲ್ಲೂ ಅದೇ ಮಾದರಿಯ ಸರ್ವೆ ಆರಂಭವಾಯಿತು. ಇವರ ಸರಪಳಿ ಗಂಟರನದರ ಅರ್ಧ, 33 ಅಡಿ. ಒಂದು ಸರಪಳಿ ಉದ್ದ, ಒಂದು ಸರಪಳಿ ಅಗಲದ ಚೌಕವೇ ಒಂದು ಗುಂಟೆ, 1,089 ಚದರ ಅಡಿ. ಇಂಥ 40 ಚೌಕ ಸೇರಿದರೆ ಸರಿಯಾಗಿ ಒಂದು ಎಕರೆ. ರೂಪಾಯಿಗೆ 16 ಆಣೆ ಇದ್ದಂತೆ ಗುಂಟೆಗೂ 16 ಆಣೆ.

ಮದ್ರಾಸ್ ಪ್ರಾಂತ್ಯದಲ್ಲಿದ್ದ ದಕ್ಷಿಣ ಕನ್ನಡ, ಉಡುಪಿ ಕಡೆ ಎಕರೆಗೆ 100 ಸೆಂಟ್ಸ್. ಅಲ್ಲಿ 1.25 ಎಂದರೆ ನಿಜವಾಗಿಯೂ ಒಂದೂಕಾಲು ಎಕರೆ. ಗುಂಟೆ ಲೆಕ್ಕದ ಊರಿನಲ್ಲಿ ಒಂದೂಕಾಲು ಎಂದರೆ 1-10. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್.

ಹಾಗಾಗಿ ಪಹಣಿ ಹಿಡಿದಾಗ ಎರಡು ಮಾತು ನೆನಪಿರಲಿ. ಎಕರೆ-ಗುಂಟೆ ನಡುವೆ ಇರುವುದು ಚುಕ್ಕಿಯೇ ಆಗಲಿ, ಗೆರೆಯೇ ಆಗಲಿ, ಅದು ದಶಮಾಂಶವಲ್ಲ. ಗುಂಟೆಗಳನ್ನು ಬೇರೆಯಾಗಿ ಕೂಡಿ, 40 ತುಂಬಿದಾಗ ಒಂದು ಎಕರೆ ದಾಟಿಸಿ. ಕರಾರುಪತ್ರದಲ್ಲಿ ಅಂಕಿಯ ಜೊತೆ ‘ಒಂದು ಎಕರೆ ಇಪ್ಪತ್ತು ಗುಂಟೆ’ ಎಂದು ಅಕ್ಷರದಲ್ಲೂ ಬರೆಸಿ. ಒಂದೂವರೆ ಎಕರೆಯನ್ನು 1-5 ಎಂದು ಬರೆದರೆ 15 ಗುಂಟೆ ಹೋಯಿತು.

ಎತ್ತು ಹೂಡುವವರು ಕಡಿಮೆಯಾಗಿದ್ದಾರೆ. ಆದರೆ ಯಾವುದೋ ದೇಶದ ಎತ್ತುಗಳ ಒಂದು ದಿನದ ಬೇಸಾಯ ಇಂದಿಗೂ ನಮ್ಮ ಪಹಣಿಯಲ್ಲಿ ಕೂತಿದೆ. ಅದನ್ನು ಸರಿಯಾಗಿ ಓದಲು ಕಲಿತರೆ ನಮ್ಮ ನೆಲ ನಮ್ಮಲ್ಲೇ ಉಳಿದೀತು.