ಹಿಮ ಕಾಣದವರ ಚಳಿಗಾಲ

ಅತ್ತಿವೇರಿ ಜಲಾಶಯಕ್ಕೆ ಬಡಗಣದ ವಲಸೆ ಹಕ್ಕಿಗಳು ಬಂದಿಳಿಯುವ ಹೊತ್ತಿಗೆ, ಅದೇ ಮುಂಡಗೋಡ ತಾಲ್ಲೂಕಿನ ಟಿಬೆಟನ್ ಕಾಲೊನಿಯ ಸಂಸಾರಗಳು ಗಂಟುಮೂಟೆ ಕಟ್ಟಿ ಹೊರಡುತ್ತವೆ. ಪೇಟೆ ಪೇಟೆಗಳಲ್ಲಿ ಸ್ವೆಟರ್ ಮಾರಿ ಟಿಬೆಟನ್ ಹೊಸವರ್ಷದ ಲೋಸರ್ ಹಬ್ಬಕ್ಕೆ ಮುಂಚೆ ಮರಳುವ ಈ ರೂಢಿಯನ್ನು ಹೊಟ್ಟೆಪಾಡು ಎಂದು ಒಂದೇ ಮಾತಿನಲ್ಲಿ ಮುಗಿಸುವವರೇ ಹೆಚ್ಚು. ನನಗೆ ಹಾಗನ್ನಿಸುವುದಿಲ್ಲ. ತೀರಿಹೋದ ತಂದೆಯಂದಿರಿಂದ ಹಿಮದ ನಾಡಿನ ಬದುಕು ಇಲ್ಲಿ ಹುಟ್ಟಿದ ಮಕ್ಕಳಿಗೆ ಇಳಿದುಬಂದಿದ್ದರೆ, ಅದು ಮುಖ್ಯವಾಗಿ ಈ ಚಳಿಗಾಲದ ತಿರುಗಾಟದಲ್ಲಿ.

1959ರಲ್ಲಿ ದಲೈ ಲಾಮಾರ ಹಿಂದೆ ಹಿಮಾಲಯ ದಾಟಿದವರಿಗೆ ಹಿಮವೆಂದರೆ ಬೆರಳು ಕೊರೆಯುವ ದಾರಿ. ಅದನ್ನು ದಾಟಿ ಬಂದವರನ್ನು ಅಸ್ಸಾಮಿನ ಮಿಸಾಮಾರಿಯ ಸೆಕೆ, ಬಂಗಾಳದ ಬಕ್ಸಾ ಶಿಬಿರದ ಕ್ಷಯ ಹಣ್ಣು ಮಾಡಿದವು. ಎಷ್ಟೋ ಜನ ಹಿಮಾಚಲದ ರಸ್ತೆ ಕೆಲಸಕ್ಕೆ ಇಳಿದರು. ಎಸ್. ನಿಜಲಿಂಗಪ್ಪ ಮುಖ್ಯಮಂತ್ರಿಯಾಗಿದ್ದ 1966ರಲ್ಲಿ ಮುಂಡಗೋಡದ ಬಳಿ ಸುಮಾರು 4,000 ಎಕರೆ ಸಿಕ್ಕಿತು. ಕಾಡು ಕಡಿದು ಗೋವಿನಜೋಳ, ಭತ್ತ ಹಾಕಿದರು. ಮಳೆ ನಂಬಿದ ಆ ಹೊಲಗಳಲ್ಲಿ ಸುಗ್ಗಿ ಮುಗಿದರೆ ಕೈಗೆ ಕೆಲಸವಿಲ್ಲ. ಮನೆಮಂದಿ ಹೆಚ್ಚಿದರೂ ಜಮೀನು ಹೆಚ್ಚಲಿಲ್ಲ. ಸ್ವೆಟರ್ ವ್ಯಾಪಾರ ಬೆಳೆದದ್ದು ಈ ಬಿಡುವಿನಲ್ಲಿ.

ಆದರೆ ಆ ಸ್ವೆಟರ್ ಲುಧಿಯಾನದ ಮಿಲ್ಲಿನದು, ಉದ್ರಿ ತಂದ ಮಾಲು. ಅದರಲ್ಲಿ ಟಿಬೆಟ್ ಎಲ್ಲಿದೆ ಎಂದು ಕೇಳಬಹುದು. ಮಾಲಿನಲ್ಲಿ ಇಲ್ಲ, ನಿಜ. ಹಳೆಯ ಟಿಬೆಟಿನ ವ್ಯಾಪಾರಿಯೂ ತಾನು ಮಾಡಿದ್ದನ್ನಷ್ಟೇ ಮಾರಿದವನಲ್ಲ. ಚೀನಾದ ಇಟ್ಟಿಗೆ ಚಹಾ, ಚಾಂಗ್‌ಥಾಂಗಿನ ಉಪ್ಪು, ಕಾಲಿಂಪಾಂಗಿಗೆ ಇಳಿಯುತ್ತಿದ್ದ ಉಣ್ಣೆ, ಎಲ್ಲವೂ ಋತು ನೋಡಿ ಹೇರಿದ ಸರಕೇ. ಚಳಿ ಬಿದ್ದಾಗ ಮನೆ ಬಿಟ್ಟು ಬಯಲಿಗಿಳಿದು, ಹಬ್ಬಕ್ಕೆ ಮರಳುವ ಲೆಕ್ಕಾಚಾರ ಉಳಿಯಿತು. ಹೇಸರಗತ್ತೆ ಹೋಗಿ ರೈಲು ಬಂತು.

ನೆನಪು ಕಾಯಲು ಮಠಗಳಿಲ್ಲವೇ ಎಂಬ ಮಾತು ಇದಕ್ಕಿಂತ ಗಟ್ಟಿ. 1969ರಲ್ಲಿ ಬಕ್ಸಾದಿಂದ ಬಂದ ಭಿಕ್ಷುಗಳು ಗಾಡೆನ್, ಡ್ರೆಪುಂಗ್ ಮಠಗಳನ್ನು ಇಲ್ಲಿ ಮತ್ತೆ ಕಟ್ಟದಿದ್ದರೆ ಶಾಸ್ತ್ರ, ತರ್ಕ, ಗುರುಪರಂಪರೆ ಈ ಮಟ್ಟಕ್ಕೆ ಉಳಿಯುತ್ತಿರಲಿಲ್ಲ. ಸತ್ತ ತಂದೆಗೆ 49 ದಿನಗಳ ಪ್ರಾರ್ಥನೆಯೂ ಅವರ ಕೈಯಲ್ಲೇ. ಮಠ ಸತ್ತವನನ್ನು ಮುಂದಿನ ಜನ್ಮಕ್ಕೆ ಕಳಿಸುತ್ತದೆ. ಅವನು ಚಳಿಗಾಲ ಹೇಗೆ ಕಳೆದ ಎಂಬುದು ಅದರ ಕೆಲಸದ ಬಾಬತ್ತಲ್ಲ. ಅದನ್ನು ಬಲ್ಲವರು, ಮುದುಕರ ಜೊತೆ ಕಾಲೊನಿಯಲ್ಲಿ ಉಳಿದು ಅಪ್ಪ ಅಮ್ಮನ ದಾರಿ ಕಾದ ಮಕ್ಕಳು. ಹಾಗೆ ಕಾಯುವುದು ಸುಖವಾಗಿತ್ತೆಂದು ನಾನು ಹೇಳುತ್ತಿಲ್ಲ. ಪರಂಪರೆ ಎಂದೊಡನೆ ಅದು ಹಿತವಾಗಿಯೇ ಇರಬೇಕೆಂದು ಯಾಕೆ ಅಂದುಕೊಳ್ಳಬೇಕೋ ತಿಳಿಯದು.

ಈಗಿನ ಯುವಕರಿಗೆ ಫುಟ್‌ಪಾತ್ ಬೇಡ. ಬೆಂಗಳೂರಿನ ನೌಕರಿ, ದಾರಿ ಸಿಕ್ಕರೆ ವಿದೇಶ. ಟೊರೊಂಟೊದ ಪಾರ್ಕ್‌ಡೇಲಿನಲ್ಲಿ ದೊಡ್ಡ ಟಿಬೆಟನ್ ಬಡಾವಣೆಯೇ ಬೆಳೆದಿದೆ. ಅಲ್ಲಿ ಹಿಮ ಬೇಕಾದಷ್ಟು ಬೀಳುತ್ತದೆ, ಮಕ್ಕಳನ್ನು ಆಡಲೂ ಕರೆದೊಯ್ಯಬಹುದು. ಚಳಿಗಾಲ ಬಂತೆಂದು ಯಾರೂ ಮನೆ ಬಿಟ್ಟು ಹೊರಡುವುದಿಲ್ಲ.